ಕಣ್ಣಿಗೆ ಕಾಣದ ಕಾಡಿಗೆ

ಕನ್ನಡದಲ್ಲಿ ಇಂದು ಉಳಿದಿರುವ ಗ್ರಂಥಗಳಲ್ಲೆಲ್ಲ ಹಳೆಯದು ‘ಕವಿರಾಜಮಾರ್ಗ’. ಒಂಬತ್ತನೆಯ ಶತಮಾನದ್ದು, ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಬರೆದದ್ದು. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಮಾತಿಗಾಗಿ, ಓದು ಕಲಿಯದೆಯೂ ಕಾವ್ಯ ಬಲ್ಲ ಜನರ ಮಾತಿಗಾಗಿ ನಾವು ಅದನ್ನು ನೆನೆಯುತ್ತೇವೆ. ರಾಜ್ಯೋತ್ಸವದ ಭಾಷಣಕ್ಕೆ ಅಷ್ಟು ಸಾಕು. ಆದರೆ ಆ ಪುಸ್ತಕದ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದರ ಹೆಸರು ‘ದೋಷಾದೋಷಾನುವರ್ಣನ ನಿರ್ಣಯ’. ಶಬ್ದಾಲಂಕಾರ, ಅರ್ಥಾಲಂಕಾರಗಳೆಲ್ಲ ಆಮೇಲೆ. ಮೊದಲು ತಪ್ಪು ಯಾವುದು, ತಪ್ಪಲ್ಲದ್ದು ಯಾವುದು ಎಂಬ ವಿಚಾರಣೆ. ಅದರಲ್ಲೊಂದು ಪದ್ಯದ ಸಾರ ಹೀಗಿದೆ: ಕಣ್ಣಿಗೆ ತನ್ನ ಕಾಡಿಗೆ ಹೇಗೆ ಕಾಣದೋ ಹಾಗೆ, ಏನು ಮಾಡಿದರೂ ಬರೆದವನಿಗೆ ತನ್ನ ದೋಷ ಕಾಣದು, ಆದ್ದರಿಂದ ಕವಿ ತನ್ನ ಕಬ್ಬವನ್ನು ಬೇರೆಯವರಿಗೆ ತೋರಿಸಿಯೇ ಹೊರಗೆ ಬಿಡಬೇಕು.

ಸ್ವಂತ ಬರಹವನ್ನು ತಾನೇ ತಿದ್ದಿಕೊಳ್ಳುವ ಕಲೆಯ ಬಗ್ಗೆ ಮಾತಾಡುವವರೆಲ್ಲ ಮೊದಲು ಈ ಪದ್ಯಕ್ಕೆ ಉತ್ತರ ಕೊಡಬೇಕು. ಶ್ರೀವಿಜಯನ ಪ್ರಕಾರ ಅಂಥ ಕಲೆಯೇ ಇಲ್ಲ.

ಇದಕ್ಕೆ ನೇರ ಎದುರು ನಿಲ್ಲುವವನು ಗದುಗಿನ ಕುಮಾರವ್ಯಾಸ. ತನ್ನ ಭಾರತದ ಪೀಠಿಕೆಯಲ್ಲಿ ಅವನು ಹೇಳಿಕೊಳ್ಳುವ ಅಗ್ಗಳಿಕೆಗಳಲ್ಲಿ ಮೂರು ನಮ್ಮ ವಿಷಯಕ್ಕೆ ಸೇರಿದವು: ಹಲಗೆ ಬಳಪ ಹಿಡಿಯದಿದ್ದದ್ದು, ಇಟ್ಟ ಪದವನ್ನು ಹಿಂದೆಗೆಯದಿದ್ದದ್ದು, ಬರೆಯಲು ಕೂತರೆ ಓಲೆಯ ಮೇಲೆ ಕಂಠದ (ಬರೆಯುವ ಕಡ್ಡಿಯ) ಸದ್ದು ನಿಲ್ಲದಿದ್ದದ್ದು. ನಮ್ಮ ಯುವ ಕವಿಗಳಿಗೆ ಈ ಜಂಬ ಬಹಳ ಹಿಡಿಸುತ್ತದೆ. ಆದರೆ ಅದನ್ನು ತಿರುಗಿಸಿ ಓದಿದರೆ ಬೇರೆಯೇ ಸುದ್ದಿ ಸಿಗುತ್ತದೆ. ಹಲಗೆ ಬಳಪ ಹಿಡಿಯದಿರುವುದು ಹೆಚ್ಚುಗಾರಿಕೆ ಎನಿಸಬೇಕಾದರೆ ಉಳಿದ ಕವಿಗಳೆಲ್ಲ ಹಿಡಿಯುತ್ತಿದ್ದರು ಎಂದಾಯಿತು. ಓಲೆಯಲ್ಲಿ ಕೊರೆದದ್ದನ್ನು ಅಳಿಸುವುದು ಸುಲಭವಲ್ಲ. ಹಾಗಾಗಿ ಮೊದಲು ಹಲಗೆಯ ಮೇಲೆ ಬರೆದು, ಒರೆಸಿ, ಮತ್ತೆ ಬರೆದು, ಸರಿ ಎನಿಸಿದ ಮೇಲೆ ಓಲೆಗೆ ಇಳಿಸುವುದು ರೂಢಿ. ತನ್ನನ್ನು ಈ ರೂಢಿಗೆ ಅಪವಾದ ಎಂದುಕೊಂಡ ಕವಿಯ ಮಾತನ್ನು ರೂಢಿಯೆಂದೇ ತಿಳಿದು ನಡೆಯುವುದು ಅಪಾಯ. ಭಾಮಿನಿ ಷಟ್ಪದಿಯ ಲಯ ಮೈಗೂಡಿದವನಿಗೆ ತಿದ್ದುವ ಕೆಲಸ ಪದ ಓಲೆಗೆ ಬರುವ ಮೊದಲೇ, ನಾಲಗೆಯ ಮೇಲೆಯೇ ಮುಗಿದಿರಬಹುದು. ಹಾಗೆಯೇ ಶಿವರಾಮ ಕಾರಂತರು ಹಲವು ಕಾದಂಬರಿಗಳನ್ನು ಬಾಯಲ್ಲಿ ಹೇಳಿ ಬರೆಸಿದರು. ಆದರೆ ಅಲ್ಲಿ ಎದುರಿಗೆ ಒಬ್ಬರು ಕೂತು ಕೇಳಿಸಿಕೊಳ್ಳುತ್ತಿದ್ದರು ಎಂಬುದನ್ನು ಮರೆಯಬಾರದು.

ನಮ್ಮ ಕಾಲದಲ್ಲಿ ತಿದ್ದುವುದು ಎಂದರೆ ಏನೆಂದು ನಮಗೆ ಕಲಿಸಿದ್ದು ಶಾಲೆಯ ಕೆಂಪು ಶಾಯಿ. ಅದು ಅಲ್ಪಪ್ರಾಣ ಮಹಾಪ್ರಾಣ ನೋಡುತ್ತದೆ, ದೀರ್ಘ ಬಿಟ್ಟದ್ದು ನೋಡುತ್ತದೆ, ಒತ್ತಕ್ಷರ ನೋಡುತ್ತದೆ. ‘ಇದನ್ನು ಯಾಕೆ ಬರೆದೆ?’ ಎಂದು ಅದು ಕೇಳಿದ್ದನ್ನು ಯಾರೂ ಕಂಡಿಲ್ಲ. ಹೀಗೆ ಬೆಳೆದವರು ದೊಡ್ಡವರಾಗಿ ಬರೆಯತೊಡಗಿದಾಗ ಕರಡು ತಿದ್ದುವುದನ್ನೇ ಬರಹ ತಿದ್ದುವುದೆಂದು ತಿಳಿಯುತ್ತಾರೆ. ಕಾಗುಣಿತ ಸರಿಪಡಿಸಿ, ಪೂರ್ಣವಿರಾಮ ಇಟ್ಟು, ಎರಡು ಕಡೆ ‘ಆದ್ದರಿಂದ’ ಸೇರಿಸಿ ಕಳಿಸಿಬಿಡುತ್ತಾರೆ. ಪ್ರಬಂಧಕ್ಕೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ತಲೆಬರಹಗಳನ್ನು ಹತ್ತನೆಯ ತರಗತಿಯವರೆಗೂ ಬರೆಸಿದ ಶಾಲೆಯ ಕೊಡುಗೆ ಇನ್ನೊಂದಿದೆ. ನಮ್ಮ ಹೆಚ್ಚಿನ ಲೇಖನಗಳಲ್ಲಿ ಮೊದಲ ಪ್ಯಾರಾ ಹೊಡೆದುಹಾಕಿದರೆ ಏನೂ ನಷ್ಟವಿಲ್ಲ. ಕೊನೆಯದನ್ನು ಹೊಡೆದರೆ ಲಾಭ. ಇದನ್ನು ಪರೀಕ್ಷಿಸಲು ಯಾವ ಭಾನುವಾರದ ಪುರವಣಿಯಾದರೂ ಆದೀತು.

ಮಾತು ಗಾಳಿಯಲ್ಲಿ ಹೋಗದಿರಲೆಂದು ಒಂದು ವಾಕ್ಯ ತೆಗೆದುಕೊಳ್ಳೋಣ. ಯಾರದೂ ಅಲ್ಲ, ಎಲ್ಲರದೂ ಹೌದು ಎನ್ನುವಂಥದ್ದು:

‘ನಮ್ಮ ಊರಿನ ಕೆರೆಯು ಕಳೆದ ಹಲವಾರು ವರ್ಷಗಳಿಂದ ಹೂಳಿನಿಂದ ತುಂಬಿಕೊಂಡಿದ್ದು, ಈ ಕುರಿತಂತೆ ಗ್ರಾಮಸ್ಥರ ವತಿಯಿಂದ ಸಂಬಂಧಪಟ್ಟ ಅಧಿಕಾರಿಗಳಿಗೆ ಅನೇಕ ಬಾರಿ ಮನವಿಯನ್ನು ಸಲ್ಲಿಸಲಾಗಿದ್ದರೂ ಕೂಡ ಇದುವರೆಗೂ ಯಾವುದೇ ರೀತಿಯ ಕ್ರಮವನ್ನು ಕೈಗೊಳ್ಳದಿರುವುದು ಅತ್ಯಂತ ವಿಷಾದನೀಯ ಸಂಗತಿಯಾಗಿದೆ.’

ಕಾಗುಣಿತದ ಕಣ್ಣಿಗೆ ಇಲ್ಲಿ ಒಂದು ತಪ್ಪೂ ಇಲ್ಲ. ಎರಡನೆಯ ಸುತ್ತಿನಲ್ಲಿ ಕೊಂಚ ತಿಳಿದವರು ಒಣ ಎಲೆಗಳನ್ನು ಉದುರಿಸುತ್ತಾರೆ: ‘ಕೂಡ’ ಹೋಯಿತು, ‘ಯಾವುದೇ ರೀತಿಯ’ ಹೋಯಿತು, ‘ವತಿಯಿಂದ’ ಹೋಯಿತು. ಮೂರನೆಯ ಸುತ್ತಿನಲ್ಲಿ ವಾಕ್ಯ ಒಡೆಯುತ್ತದೆ: ‘ನಮ್ಮೂರ ಕೆರೆಯಲ್ಲಿ ಹೂಳು ತುಂಬಿ ವರ್ಷಗಳಾದವು. ಊರವರು ಮೇಲಿಂದ ಮೇಲೆ ಅರ್ಜಿ ಕೊಟ್ಟರು. ಯಾರೂ ಇತ್ತ ಬರಲಿಲ್ಲ.’ ಚೆನ್ನಾಯಿತು, ಉಸಿರಾಡುವಂತಾಯಿತು. ಬಹುತೇಕ ಮಾರ್ಗದರ್ಶಿಗಳು ಇಲ್ಲಿಗೆ ಬಂದು ಕೈತೊಳೆಯುತ್ತವೆ. ನನ್ನ ತಕರಾರು ಇಲ್ಲಿಂದಲೇ ಶುರು.

ಮೂಲ ವಾಕ್ಯದ ನಿಜವಾದ ದೋಷ ಉದ್ದದಲ್ಲಿ ಇರಲಿಲ್ಲ. ‘ಕ್ರಮವನ್ನು ಕೈಗೊಳ್ಳದಿರುವುದು’ ಎಂಬಲ್ಲಿ ಯಾರು ಎಂಬುದು ಮಾಯ. ‘ಸಂಬಂಧಪಟ್ಟ ಅಧಿಕಾರಿ’ ಎಂಬಲ್ಲಿ ಯಾರಿಗೆ ಎಂಬುದು ಮಾಯ. ಕರ್ನಾಟಕದಲ್ಲಿ 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕದು ಪಂಚಾಯತಿನದು. ಊರವರು ಯಾರ ಬಾಗಿಲು ತಟ್ಟಿದರು? ತಪ್ಪು ಬಾಗಿಲು ತಟ್ಟಿದ್ದರೆ ಕಥೆಯೇ ಬೇರೆ. ಇದು ಬರೆದವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ತನಗೇ ಗೊತ್ತಾಗದಂತೆ ಆ ಕಚೇರಿ ಕನ್ನಡ ಕಾಪಾಡಿತು. ಸಣ್ಣದಾಗಿಸಿದ ವಾಕ್ಯದಲ್ಲೂ ಅದೇ ಅಜ್ಞಾನ ಚೊಕ್ಕ ಬಟ್ಟೆ ಉಟ್ಟು ಕೂತಿದೆ. ತಿದ್ದುವವನು ಇಲ್ಲಿ ಪೆನ್ನು ಕೆಳಗಿಟ್ಟು ಊರಿಗೆ ಹೋಗಬೇಕು, ಇಲ್ಲವೇ ಫೋನು ಮಾಡಬೇಕು. ಆಗ ವಾಕ್ಯ ಮತ್ತೆ ಉದ್ದವಾದೀತು, ಆಗಲಿ. ಬರಹವನ್ನು ಕಡಿಮೆ ಮಾಡುವುದೇ ತಿದ್ದುವುದು ಎಂಬ ನಂಬಿಕೆ ಇಂಗ್ಲಿಷಿನಿಂದ ಬಂದ ಅರ್ಧಸತ್ಯ.

ಆ ಅರ್ಧಸತ್ಯದ ಮನೆತನವನ್ನೂ ನೋಡಬೇಕು. ಅಮೆರಿಕದ ಪ್ರಾಧ್ಯಾಪಕ ವಿಲಿಯಂ ಸ್ಟ್ರಂಕ್ 1918ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಬರೆದ ಕಿರುಹೊತ್ತಗೆಯನ್ನು ಅವರ ಶಿಷ್ಯ ಇ. ಬಿ. ವೈಟ್ 1959ರಲ್ಲಿ ವಿಸ್ತರಿಸಿ ಹೊರತಂದರು. ‘ದಿ ಎಲಿಮೆಂಟ್ಸ್ ಆಫ್ ಸ್ಟೈಲ್’ ಎಂಬ ಆ ಪುಸ್ತಕ ಜಗತ್ತಿನ ಬರವಣಿಗೆ ತರಗತಿಗಳನ್ನೆಲ್ಲ ಆಳಿತು. ಬೇಡದ ಪದ ಬಿಡು, ಕರ್ಮಣಿ ಬಿಡು. ಆಮೇಲೆ ಬಂದವರು ಕ್ರಿಯಾವಿಶೇಷಣವನ್ನೂ ಬಿಡು ಎಂದರು. ಇಂಗ್ಲಿಷಿಗೆ ಇವು ಒಳ್ಳೆಯ ಔಷಧಿ. ನಮ್ಮ ಕಮ್ಮಟಗಳಲ್ಲಿ ಇದೇ ಚೀಟಿಯನ್ನು ಕನ್ನಡಕ್ಕೂ ಬರೆದುಕೊಡುತ್ತಾರೆ. ಕ್ರಿಯಾವಿಶೇಷಣ ಬಿಡಬೇಕೆಂದರೆ ನಮ್ಮ ದಬದಬ, ಸರಸರ, ಗಕ್ಕನೆ, ಮೆಲ್ಲನೆ ಎಲ್ಲಿಗೆ ಹೋಗಬೇಕು? ಕನ್ನಡದ ಕ್ರಿಯಾಪದ ಚಲಿಸುವುದೇ ಇವುಗಳ ಕೈಹಿಡಿದು. ಒಂದೇ ಪದ ಹತ್ತಿರ ಹತ್ತಿರ ಎರಡು ಸಲ ಬರಬಾರದು ಎಂಬ ಇನ್ನೊಂದು ನಿಯಮ ನಮ್ಮಲ್ಲಿ ಮಾಡಿರುವ ಅನಾಹುತ ದೊಡ್ಡದು: ಮೊದಲ ಸಾಲಿನಲ್ಲಿ ಸೂರ್ಯ, ಎರಡನೆಯದರಲ್ಲಿ ದಿನಕರ, ಮೂರನೆಯದರಲ್ಲಿ ಭಾಸ್ಕರ. ಓದುಗನಿಗೆ ಆಕಾಶದಲ್ಲಿ ಮೂವರು ಕಾಣುತ್ತಾರೆ. ದ್ವಿರುಕ್ತಿಯನ್ನೇ ಅಲಂಕಾರ ಮಾಡಿಕೊಂಡ ಭಾಷೆ ಇದು. ‘ಮನೆ ಮನೆ ತಿರುಗಿದ’ ಎಂಬಲ್ಲಿ ಒಂದು ಮನೆ ಹೊಡೆದರೆ ಊರೇ ಖಾಲಿ.

ಕನ್ನಡ ಗದ್ಯಕ್ಕೆ ತನ್ನದೇ ರೋಗಗಳಿವೆ. ದೊಡ್ಡದು ಪತ್ರಿಕೆಗಳ ‘ಇದ್ದು’. ಅಪಘಾತ ‘ಸಂಭವಿಸಿದ್ದು’, ಪ್ರಕರಣ ‘ದಾಖಲಾಗಿದ್ದು’, ಪೊಲೀಸರು ‘ಭೇಟಿ ನೀಡಿದ್ದು’ ಎಂದು ವಾಕ್ಯ ಸರಪಳಿಯಾಗುತ್ತದೆ. ಪ್ರತಿ ಕೊಂಡಿಯಲ್ಲೂ ಕರ್ತೃ ಬದಲು. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಓದುಗ ಅಲ್ಲಿಯವರೆಗೆ ಎಲ್ಲವನ್ನೂ ಹೊತ್ತುಕೊಂಡೇ ನಡೆಯಬೇಕು. ಇನ್ನೊಂದು, ಸಾಲು ಸಾಲಾಗಿ ಎಲ್ಲ ವಾಕ್ಯಗಳೂ ‘ಆಗಿದೆ’, ‘ಆಗಿರುತ್ತದೆ’ ಎಂದೇ ಮುಗಿಯುವುದು. ‘ಅದು ಸುಳ್ಳು’ ಎಂದರೆ ಕನ್ನಡದಲ್ಲಿ ಪೂರ್ಣ ವಾಕ್ಯ. ‘ಅದು ಸುಳ್ಳಾಗಿದೆ’ ಎಂದು ಬರೆಸುವುದು ಬೆನ್ನ ಹಿಂದೆ ನಿಂತ ಇಂಗ್ಲಿಷು. ‘ಕೇವಲ’ ಬಂದ ವಾಕ್ಯದಲ್ಲಿ ‘ಮಾತ್ರ’ವೂ ಬರುವುದು, ‘ಸುಮಾರು’ ಎಂದ ಮೇಲೂ ‘ಅಷ್ಟು’ ಎನ್ನುವುದು ಇವೆಲ್ಲ ಸಣ್ಣವು, ಹುಡುಕಿ ತೆಗೆಯಬಹುದು. ದೋಷ ಭಾಷೆಗೊಂದರಂತೆ ಬೇರೆ ಎಂಬುದನ್ನು ಶ್ರೀವಿಜಯ ಸಂಸ್ಕೃತದ ಎದುರು ನಿಂತು ಅರಿತಿದ್ದ. ಕೆಲವೆಡೆ ದೋಷವಿರುವ ಮಾತನ್ನೂ ತಿದ್ದಿದ ಮಾತನ್ನೂ ಇಟ್ಟು ತೋರಿಸುತ್ತಾನೆ. ಇಂಗ್ಲಿಷಿನ ಎದುರು ನಾವು ಆ ಪಟ್ಟಿ ಇನ್ನೂ ಮಾಡಿಕೊಂಡಿಲ್ಲ.

ಹಾಗಾದರೆ ಕಾಡಿಗೆ ಕಾಣುವ ಉಪಾಯ? ಲೋಕದಲ್ಲಿ ಚಾಲ್ತಿಯಲ್ಲಿರುವುವೆಲ್ಲ ಬರೆದವನನ್ನೇ ತಾತ್ಕಾಲಿಕವಾಗಿ ಪರಕೀಯನನ್ನಾಗಿ ಮಾಡುವ ತಂತ್ರಗಳು. ಬರೆದದ್ದನ್ನು ಒಂಬತ್ತು ವರ್ಷ ಒಳಗಿಡು ಎಂದ ರೋಮಿನ ಕವಿ ಹೊರೇಸ್. ವಾರದ ಅಂಕಣಕಾರನಿಗೆ ಒಂಬತ್ತು ಗಂಟೆ ಸಿಕ್ಕರೆ ಪುಣ್ಯ. ಆದರೂ ಒಂದು ರಾತ್ರಿ ಕಳೆಯಲು ಬಿಡುವುದು ಬಿಡದಿರುವುದಕ್ಕಿಂತ ಎಷ್ಟೋ ಮೇಲು. ಪರದೆಯಿಂದ ಕಾಗದಕ್ಕೆ ಇಳಿಸುವುದು, ಅಕ್ಷರದ ಅಚ್ಚು ಬದಲಿಸುವುದು ಉಪಯುಕ್ತ, ಅಷ್ಟಕ್ಕಷ್ಟೇ. ಗಟ್ಟಿಯಾಗಿ ಓದಿಕೊಳ್ಳಿ ಎಂಬ ಸಲಹೆ ಎಲ್ಲರೂ ಕೊಡುವಂಥದ್ದು. ಗಮಕದ ನಾಡಿನಲ್ಲಿ ಅದಕ್ಕೆ ತೂಕವೂ ಇದೆ. ಆದರೆ ಅದರಲ್ಲೊಂದು ಮೋಸವಿದೆ. ತಾನೇ ಓದುವವನು ಎಡವುವ ಜಾಗದಲ್ಲಿ ಧ್ವನಿ ಏರಿಳಿಸಿ ದಾಟಿಬಿಡುತ್ತಾನೆ. ವಾಕ್ಯದ ಕುಂಟನ್ನು ಕಂಠ ಮುಚ್ಚುತ್ತದೆ. ಮನೆಯ ಮಗುವಿನ ಕೈಲಿ ಓದಿಸಿ ಕೇಳಬೇಕು. ಮಗು ಎಲ್ಲಿ ತಡವರಿಸಿತೋ ಅಲ್ಲಿ ಗೆರೆ ಹಾಕಬೇಕು. ಮಗುವಿಲ್ಲದವರಿಗೆ ಫೋನಿನ ಓದುವ ಯಂತ್ರ ಇದೆ; ಭಾವವಿಲ್ಲದ ಆ ದನಿ ಯಾವ ಸಾಲನ್ನೂ ಕಾಪಾಡುವುದಿಲ್ಲ.

ಇದಕ್ಕಿಂತ ಫಲ ಕೊಡುವುದು ಬೇರೆಯವರ ಬರಹ ತಿದ್ದುವುದು. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ ಮಾಸಪತ್ರಿಕೆಯಲ್ಲಿ ಇಡೀ ಪುಸ್ತಕವೊಂದನ್ನು ಸಂಗ್ರಹಿಸಿ ಕೊಡುವ ವಿಭಾಗವಿತ್ತು. ಪಾ. ವೆಂ. ಆಚಾರ್ಯರಂಥ ಸಂಪಾದಕರ ಕಾಲದ ಆ ಪುಟಗಳನ್ನು ಮೂಲ ಪುಸ್ತಕದ ಪಕ್ಕ ಇಟ್ಟು ನೋಡುವುದು ಒಂದು ಪಾಠ: ಏನು ಬಿಟ್ಟರು ಎಂಬುದರ ಜೊತೆಗೆ ಬಿಟ್ಟ ಜಾಗವನ್ನು ಹೇಗೆ ಬೆಸೆದರು ಎಂಬುದು. ಪರರ ಪುಸ್ತಕಕ್ಕೆ ಕತ್ತರಿ ಹಾಕಲು ನಮಗೆ ಮರುಕವಿಲ್ಲ. ಆ ನಿರ್ದಯೆಯನ್ನು ಅಲ್ಲಿ ಅಭ್ಯಾಸ ಮಾಡಿಕೊಂಡೇ ನಮ್ಮ ಪುಟಕ್ಕೆ ತರಬೇಕು.

ಕೊನೆಗೂ ಶ್ರೀವಿಜಯ ಹೇಳಿದ ‘ಬೇರೆಯವರು’ ಬೇಕೇ ಬೇಕು. ಇಲ್ಲಿ ಮಾತ್ರ ಅವನ ಪದ್ಯಕ್ಕೆ ಒಂದು ಅಡಿಟಿಪ್ಪಣಿ ಸೇರಿಸುವ ಕಾಲ ಬಂದಿದೆ. ಟಿ. ಎಸ್. ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’ ಕರಡನ್ನು ಕವಿಮಿತ್ರ ಎಜ್ರಾ ಪೌಂಡ್ ಅರ್ಧದಷ್ಟು ಇಳಿಸಿದ್ದು 1922ರಲ್ಲಿ ಕವಿತೆ ಅಚ್ಚಾಗುವ ಮೊದಲು. ಆ ಕರಡಿನ ಪ್ರತಿರೂಪ 1971ರಲ್ಲಿ ಪ್ರಕಟವಾದಾಗ ಪೌಂಡ್ ಹೆಚ್ಚಾಗಿ ಮಾಡಿದ್ದು ಗೆರೆ ಎಳೆಯುವುದು ಎಂಬುದು ಲೋಕಕ್ಕೆ ಕಂಡಿತು. ಕವಿತೆ ಎಲಿಯಟ್‌ನದೇ ಆಗಿ ಉಳಿಯಿತು. ಅಮೆರಿಕದ ಕಥೆಗಾರ ರೇಮಂಡ್ ಕಾರ್ವರ್‌ನ ಕಥೆಗಳ ಗತಿ ಬೇರೆ. 1981ರಲ್ಲಿ ಬಂದ ಸಂಕಲನದಲ್ಲಿ ಸಂಪಾದಕ ಗಾರ್ಡನ್ ಲಿಷ್ ಕೆಲವು ಕಥೆಗಳನ್ನು ಅರ್ಧಕ್ಕಿಂತ ಹೆಚ್ಚು ಕತ್ತರಿಸಿ, ಕೊನೆಗಳನ್ನು ಬದಲಿಸಿದ. ಅಚ್ಚು ನಿಲ್ಲಿಸಿ ಎಂದು ಕಾರ್ವರ್ ಕಾಗದ ಬರೆದು ಗೋಗರೆದರೂ ಪುಸ್ತಕ ಹಾಗೆಯೇ ಬಂತು, ಕೀರ್ತಿಯನ್ನೂ ತಂತು. ಮೂಲ ರೂಪ ‘ಬಿಗಿನರ್ಸ್’ ಎಂಬ ಹೆಸರಿನಲ್ಲಿ ಹೊರಬಂದದ್ದು 2009ರಲ್ಲಿ, ಲೇಖಕ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ಲಿಷ್ ಕೆಟ್ಟ ಓದುಗನೇನೂ ಅಲ್ಲ, ಅವನ ಕತ್ತರಿ ಎಷ್ಟೋ ಕಡೆ ಸರಿಯಾದ ಜಾಗಕ್ಕೇ ಬಿದ್ದಿದೆ. ಆದರೂ ಆ ಕಥೆಗಳ ದನಿ ಯಾರದು ಎಂಬ ಜಗಳ ಮುಗಿದಿಲ್ಲ. ಬೇರೆಯವರ ಕಣ್ಣು ಬೇಕು. ಕೈ ಬಂದರೆ ತಕರಾರು.

ಈಗ ಎಲ್ಲರ ಜೇಬಿನಲ್ಲೂ ಒಂದು ಕೈ ಇದೆ. ಬರೆದದ್ದನ್ನು ಕೃತಕ ಬುದ್ಧಿಮತ್ತೆಗೆ ಕೊಟ್ಟು ‘ಚೆಂದ ಮಾಡಿಕೊಡು’ ಎಂದರೆ ಕ್ಷಣದಲ್ಲಿ ಹೊಳಪು ಬಳಿದು ಕೊಡುತ್ತದೆ. ‘ಹಟ್ಟಿ’ ಕೊಟ್ಟರೆ ‘ನಿವಾಸ’, ‘ಮಾತಿಗೆ ಬಿದ್ದರು’ ಎಂದರೆ ‘ಸಂವಾದದಲ್ಲಿ ತೊಡಗಿದರು’. ಮಂಡ್ಯದವನೂ ಕುಂದಾಪುರದವನೂ ಒಂದೇ ದನಿಯಲ್ಲಿ ಮಾತಾಡತೊಡಗುತ್ತಾರೆ. ಅದನ್ನು ದೂರವಿಡಿ ಎಂದು ನಾನು ಹೇಳುವುದಿಲ್ಲ. ತಿದ್ದಲು ಬಿಡದೆ ಕೇಳಲು ಮಾತ್ರ ಬಿಟ್ಟರೆ ಅದೂ ಒಂದು ಕಣ್ಣು: ಎಲ್ಲಿ ಅರ್ಥವಾಗಲಿಲ್ಲ, ಯಾವ ವಾಕ್ಯದಲ್ಲಿ ಕರ್ತೃ ಕಾಣಲಿಲ್ಲ, ಯಾವ ಪ್ಯಾರಾ ಹಿಂದಿನದನ್ನೇ ಹೇಳಿತು.

ಮನುಷ್ಯ ಓದುಗರ ವಿಷಯದಲ್ಲೂ ಕೇಳುವ ಬಗೆ ಮುಖ್ಯ. ‘ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎಂಬುದು ಸೌಜನ್ಯದ ಉತ್ತರ. ಕಾಫಿ ಕೊಟ್ಟವರ ಮನೆಯಲ್ಲಿ ಇನ್ನೇನು ಹೇಳಿಯಾರು? ‘ಎಲ್ಲಿ ಬಿಟ್ಟು ಮುಂದೆ ಹಾರಿದಿರಿ?’ ಎಂದು ಕೇಳಿ, ಪೆನ್ಸಿಲ್ ಕೈಗೆ ಕೊಟ್ಟರೆ ನಿಜ ಹೊರಬೀಳುತ್ತದೆ. ಅದೂ ಬರೆಯುವ ಗೆಳೆಯರಿಗಿಂತ ಬರೆಯದವರಿಗೆ ಕೊಡುವುದು ಲೇಸು. ಬರೆಯುವವರು ತಮ್ಮ ಶೈಲಿಗೆ ತಿದ್ದುತ್ತಾರೆ. ಕೆರೆಯ ಲೇಖನವನ್ನು ಆ ಕೆರೆಯ ಅಚ್ಚುಕಟ್ಟಿನಲ್ಲಿ ಗದ್ದೆ ಇರುವವರಿಗೆ ಓದಿ ಹೇಳಿದರೆ ‘ಸಂಬಂಧಪಟ್ಟ ಅಧಿಕಾರಿ’ ಬಂದ ಕೂಡಲೇ ಅವರು ತಡೆಯುತ್ತಾರೆ: ಯಾರು ಸ್ವಾಮಿ ಅದು, ಇಂಜಿನಿಯರೋ ಪಿಡಿಓನೋ?

ಎರಡು ದಿನದ ಕಥಾ ಕಮ್ಮಟಗಳಲ್ಲಿ ಸ್ಫೂರ್ತಿಯ ಭಾಷಣ ಆರು, ಗುಂಪು ಫೋಟೋ ಒಂದು ಇರುತ್ತದೆ. ಒಬ್ಬರ ಒಂದೇ ಪುಟವನ್ನು ಗೋಡೆಯ ಮೇಲೆ ದೊಡ್ಡದಾಗಿ ಮೂಡಿಸಿ, ಬರೆದವರು ಎದುರಿಗೆ ಕೂತಿರುವಾಗಲೇ ಎಲ್ಲರೂ ಸೇರಿ ಸಾಲು ಸಾಲಾಗಿ ಪ್ರಶ್ನೆ ಕೇಳುವ ಒಂದು ಬೆಳಗನ್ನಾದರೂ ಅದರಲ್ಲಿ ಸೇರಿಸಬಹುದು. ಪೆನ್ನು ಮಾತ್ರ ಬರೆದವರ ಕೈಯಲ್ಲೇ ಇರಲಿ.