‘ಕಗ್ಗತ್ತಲ ರಾತ್ರಿ’ಯಲ್ಲಿ ಶುಷ್ಕತಾವಿಚಾರ

ಕ್ರೈಸ್ತ ಸಾಧಕರ ಜೀವನದಲ್ಲಿ, ಅದುವರೆಗೆ ಸವಿಯಾಗಿದ್ದ ಪ್ರಾರ್ಥನೆಯು ಸಪ್ಪೆಯಾಗಿ, ಮನಸ್ಸು ಖಿನ್ನವಾಗಿ, ದೇವರು ದೂರವಾದಂತೆ ತೋರುವ ಅವಸ್ಥೆಯೊಂದುಂಟು. ಆ ಸಂಪ್ರದಾಯದವರು ಇದನ್ನು ಶುಷ್ಕತೆಯೆಂದು ವ್ಯವಹರಿಸುವರು. ಇದನ್ನು ಕುರಿತ ಗ್ರಂಥಗಳಲ್ಲಿ ಸ್ಪೇನ್ ದೇಶದ ಕಾರ್ಮೆಲ್ ಸಂಘದ ಸಂನ್ಯಾಸಿಯಾದ ಶಿಲುಬೆಯ ಯೋಹಾನನ (1542–1591) ‘ಕಗ್ಗತ್ತಲ ರಾತ್ರಿ’ಯು ಅಗ್ರಗಣ್ಯವಾದುದು. ಅದರ ಹೆಸರನ್ನು ಕೇಳಿದವರು ಬಹುಮಂದಿ. ಅದರಲ್ಲಿ ಮಾಡಿರುವ ವಿವೇಚನೆಯನ್ನು ಲಕ್ಷಿಸಿದವರು ವಿರಳ.

ತೆರೇಸಾ ಎಂಬ ಸಂನ್ಯಾಸಿನಿಯು 1562ರಲ್ಲಿ ಆರಂಭಿಸಿದ ಮಠಸಂಸ್ಕಾರದಲ್ಲಿ ಈತನು ಸೇರಿದ್ದನು. ಅದನ್ನು ಸಹಿಸದ ಸ್ವಸಂಘದವರೇ 1577ರ ಡಿಸೆಂಬರಿನಲ್ಲಿ ಈತನನ್ನು ಹಿಡಿದು, ತೊಲೆಡೊ ನಗರದ ಮಠದಲ್ಲಿ ಸೆರೆಯಿಟ್ಟರು. 1578ರ ಆಗಸ್ಟಿನಲ್ಲಿ ಈತನು ತಪ್ಪಿಸಿಕೊಂಡು ಪಾರಾದನು. ಮೂಲಕಾವ್ಯವು ಆ ಸೆರೆಯಲ್ಲಿಯೋ ಅದರ ಸಮೀಪಕಾಲದಲ್ಲಿಯೋ ಹುಟ್ಟಿದುದು. ಐದೈದು ಪಂಕ್ತಿಗಳ ಎಂಟು ಪದ್ಯಗಳಷ್ಟೇ ಅದರ ವಿಸ್ತಾರ. ನಾಯಿಕೆಯೊಬ್ಬಳು ಇರುಳಿನಲ್ಲಿ ಯಾರೂ ಕಾಣದಂತೆ ಮನೆಯಿಂದ ಹೊರಟು ಪ್ರಿಯನನ್ನು ಸೇರುವುದೇ ಅದರ ವಸ್ತು. ನಮ್ಮ ಆಲಂಕಾರಿಕರು ಇವಳನ್ನು ಅಭಿಸಾರಿಕೆಯೆಂದು ಕರೆಯದೆ ಬಿಡರು. ಈ ಪದ್ಯಗಳಿಗೆ ಕವಿಯೇ ಬರೆದ ಸ್ವೋಪಜ್ಞವ್ಯಾಖ್ಯಾನವು ಇಂದ್ರಿಯಗಳ ರಾತ್ರಿ, ಆತ್ಮದ ರಾತ್ರಿ ಎಂದು ಎರಡು ಕಾಂಡಗಳಾಗಿದೆ.

ಇಲ್ಲಿ ಒಂದು ಆಕ್ಷೇಪವು ಸಹಜವಾಗಿಯೇ ಏಳುವುದು. ಮೂಲದಲ್ಲಿರುವುದು ಶೃಂಗಾರ; ನಾಯಿಕೆಯು ತನ್ನ ಪ್ರಯಾಣವನ್ನು ಭಾಗ್ಯವೆಂದೇ ಕೊಂಡಾಡುತ್ತಾಳೆ. ವ್ಯಾಖ್ಯಾನದಲ್ಲಿರುವುದೋ ನೀರಸತೆ, ಭಯ, ದುಃಖ. ಮೂಲಕ್ಕೆ ವಿರುದ್ಧವಾದ ವ್ಯಾಖ್ಯಾನವು ಹೇಗೆ ಗ್ರಾಹ್ಯ? ಇದಕ್ಕೆ ಪೀಠಿಕೆಯಲ್ಲಿಯೇ ಸಮಾಧಾನವಿದೆ. ಈ ಪದ್ಯಗಳು ಮಿಲನವನ್ನು ಹೊಂದಿದ ಜೀವದ ಮಾತುಗಳೆಂದು ಗ್ರಂಥಕಾರನು ಸ್ಪಷ್ಟಪಡಿಸಿದ್ದಾನೆ. ಗುರಿ ಸೇರಿದ ಬಳಿಕ ಹಿಂದಿರುಗಿ ನೋಡಿದವಳಿಗೆ ಆ ಇರುಳು ಭಾಗ್ಯ. ನಡುದಾರಿಯಲ್ಲಿರುವವಳಿಗೆ ಅದು ಬರಿಯ ಕತ್ತಲೆ. ವಕ್ತೃಭೇದದಿಂದ ರಸಭೇದವೇ ಹೊರತು ವಿರೋಧವಿಲ್ಲ. ಆದುದರಿಂದ ಕಷ್ಟದಲ್ಲಿರುವ ಸಾಧಕನು ಆ ಹಾಡನ್ನು ಆಗಲೇ ಹಾಡಬೇಕೆಂದು ಯಾರೂ ವಿಧಿಸತಕ್ಕದ್ದಲ್ಲ.

ಶುಷ್ಕತೆಯ ಸ್ವರೂಪವು ಉಪಮಾನಗಳಲ್ಲಿ ವಿಶದವಾಗುತ್ತದೆ. ತೆರೇಸಾ ತನ್ನ ಆತ್ಮಚರಿತ್ರೆಯಲ್ಲಿ ಪ್ರಾರ್ಥನೆಯನ್ನು ತೋಟಕ್ಕೆ ಹೋಲಿಸಿ, ಬಾವಿ, ರಾಟೆ, ಹೊಳೆ, ಮಳೆ ಎಂಬ ನಾಲ್ಕು ವಿಧದ ನೀರನ್ನು ಹೇಳುತ್ತಾಳೆ. ಅಲ್ಲಿ ಶುಷ್ಕತೆಯೆಂದರೆ ನೀರಿನ ಅಭಾವ. ಬಾವಿ ಬತ್ತಿದರೂ ತೋಟಗಾರನು ಕೆಲಸ ಬಿಡಬಾರದೆಂಬುದು ಉಪದೇಶ. ಯೋಹಾನನಾದರೋ ಸೌದೆಯನ್ನು ದೃಷ್ಟಾಂತವಾಗಿ ಹಿಡಿಯುತ್ತಾನೆ. ಬೆಂಕಿಯು ಮೊದಲು ಸೌದೆಯೊಳಗಿನ ತೇವವನ್ನು ಕಣ್ಣೀರಿನಂತೆ ಹೊರಡಿಸಿ, ಅದನ್ನು ಕಪ್ಪಾಗಿಸಿ, ಕಡೆಗೆ ತನ್ನಂತೆಯೇ ಮಾಡಿಕೊಳ್ಳುವುದು. ಇಲ್ಲಿ ಒಣಗುವಿಕೆಯು ಅಭಾವವಲ್ಲ, ಯೋಗ್ಯತಾಸಂಪಾದನೆ. ಎರಡನೆಯ ದೃಷ್ಟಾಂತವು ತಾಯಿಯದು: ಮೊಲೆ ಬಿಡಿಸಲು ಆಕೆ ಕಹಿಯನ್ನು ಹಚ್ಚಿ, ಮಗುವನ್ನು ತೋಳಿನಿಂದಿಳಿಸಿ ನಡೆಯಗೊಡುತ್ತಾಳೆ. ನಮ್ಮ ತಾಯಂದಿರು ಬೇವು ಹಚ್ಚುವುದನ್ನು ಕಂಡವರಿಗೆ ಇದರ ಔಚಿತ್ಯವು ವಿವರಣೆಯಿಲ್ಲದೆ ತಿಳಿಯುವುದು. ಪ್ರಾರ್ಥನೆಯಲ್ಲಿ ಸವಿಯನ್ನೇ ಅರಸುವುದನ್ನು ಗ್ರಂಥಕಾರನು ಆಧ್ಯಾತ್ಮಿಕವಾದ ಜಿಹ್ವಾಚಾಪಲ್ಯವೆಂದೆಣಿಸಿರುವುದು ಇದಕ್ಕೆ ಅನುಗುಣವಾಗಿಯೇ ಇದೆ.

ಹಾಗಾದರೆ ಖಿನ್ನತೆಯೆಲ್ಲವೂ ದೇವರ ಅನುಗ್ರಹವೇ? ಅಲ್ಲವೆಂಬುದೇ ಗ್ರಂಥದ ಸಾರವತ್ತಾದ ಭಾಗ. ಮೊದಲನೆಯ ಕಾಂಡದ ಒಂಬತ್ತನೆಯ ಅಧ್ಯಾಯದಲ್ಲಿ ಮೂರು ಲಕ್ಷಣಗಳಿವೆ. ದೇವರ ವಿಷಯದಲ್ಲಿ ಮಾತ್ರವಲ್ಲ, ಲೋಕದ ಯಾವ ವಸ್ತುವಿನಲ್ಲಿಯೂ ರುಚಿಯಿಲ್ಲದಿರುವುದು ಮೊದಲನೆಯದು. ತಾನು ದೇವರನ್ನು ಸೇವಿಸುತ್ತಿಲ್ಲವಲ್ಲಾ ಎಂಬ ಕಳವಳವು ಬಿಡದಿರುವುದು ಎರಡನೆಯದು. ಎಷ್ಟು ಪ್ರಯತ್ನಿಸಿದರೂ ಕಲ್ಪನೆಯಿಂದ ಧ್ಯಾನಿಸಲಾಗದಿರುವುದು ಮೂರನೆಯದು. ಮೊದಲನೆಯ ಲಕ್ಷಣವೊಂದೇ ದೇಹದ ಅಸ್ವಾಸ್ಥ್ಯದಿಂದಲೂ ಬರಬಹುದೆಂದು ಗ್ರಂಥಕಾರನೇ ಎಚ್ಚರಿಸುತ್ತಾನೆ. ಅತಿವ್ಯಾಪ್ತಿದೋಷವು ಎರಡನೆಯದರಿಂದ ನಿವಾರಿತವಾಗುತ್ತದೆ. ರೋಗವೂ ರಾತ್ರಿಯೂ ಕೂಡಿರಬಹುದೆಂಬುದನ್ನು ಆತನು ಒಪ್ಪುತ್ತಾನೆ. ಆದುದರಿಂದ ರಾತ್ರಿಯ ಹೆಸರು ಹೇಳಿ ರೋಗಿಯನ್ನು ವೈದ್ಯನಿಂದ ದೂರವಿಡುವವರಿಗೆ ಈ ಗ್ರಂಥದಲ್ಲಿ ಆಧಾರವಿಲ್ಲ. ಹಾಗೆಯೇ, ನೆಟ್ಟಗೆ ನಡೆಯುತ್ತಿರುವವನನ್ನು ಪಾಪಿಯೆಂದು ಬೆದರಿಸುವ ಗುರುಗಳನ್ನು ಆತನು ‘ಕಾರ್ಮೆಲ್ ಪರ್ವತಾರೋಹಣ’ದ ಪೀಠಿಕೆಯಲ್ಲಿ ಯೋಬನ ಮಿತ್ರರಿಗೆ ಹೋಲಿಸಿದ್ದಾನೆ. ಲಕ್ಷಣಗಳು ಕೂಡಿದ್ದಲ್ಲಿ ವಿಧಿಯು ಸರಳವಾದುದು: ಧ್ಯಾನವನ್ನು ಬಲಾತ್ಕರಿಸದೆ, ಪ್ರಾರ್ಥನೆಯನ್ನು ಬಿಡದೆ, ಪ್ರೀತಿಯಿಂದ ದೇವರಲ್ಲಿ ಮನವಿಟ್ಟು ತಾಳ್ಮೆಯಿಂದ ಸುಮ್ಮನಿರುವುದು.

ದೋಷವೂ ಇಲ್ಲದಿಲ್ಲ. ಎಂಟು ಪದ್ಯಗಳಲ್ಲಿ ಎರಡಕ್ಕೆ ಮಾತ್ರ ಪೂರ್ಣವ್ಯಾಖ್ಯಾನವಿದೆ. ಮೂರನೆಯದು ಆರಂಭವಾಗುತ್ತಲೇ ಗ್ರಂಥವು ನಿಂತುಹೋಗಿದೆ. ಹೃದಯದಲ್ಲಿ ಉರಿಯುವ ಬೆಳಕೊಂದೇ ನಾಯಿಕೆಗೆ ದಾರಿ ತೋರಿದುದನ್ನು ಹೇಳುವ ಪದ್ಯವು ಅದೇ. ಬೆಳಕಿನ ಪ್ರಸ್ತಾಪದಲ್ಲಿ ವ್ಯಾಖ್ಯಾನವು ಮುರಿದುದರಿಂದ, ಕತ್ತಲೆಯ ಭಾಗವೇ ಓದುಗರ ಮನಸ್ಸಿನಲ್ಲಿ ಉಳಿದು, ದುಃಖವೇ ಸಾಧನೆಯೆಂಬ ಭ್ರಮೆಗೆ ಎಡೆಯಾಗಿದೆ. ವ್ಯಾಖ್ಯಾನವನ್ನು ಓದಿದವರು ಮತ್ತೆ ಮೂಲದ ಎಂಟು ಪದ್ಯಗಳನ್ನೂ ಓದಿದಲ್ಲಿ ಈ ಭ್ರಮೆಯು ತೊಲಗುವುದು. ವ್ಯಾಖ್ಯಾನವು ರೋಗವನ್ನೂ ರಾತ್ರಿಯನ್ನೂ ಬೇರ್ಪಡಿಸಿ ತಿಳಿಸುತ್ತದೆ. ಬೆಳಗನ್ನು ತಿಳಿಸುವುದು ಕಾವ್ಯವೇ.