ಮದುವೆ ವಿಡಿಯೋ ಮತ್ತೆ ಹ್ಯಾಂಡಿಕ್ಯಾಮ್‌ಗೇ ಯಾಕೆ?

ದೋಣಿಮಲೈಯಂಥ ಗಣಿ ಕಾಲೊನಿಯಲ್ಲಿ ಹ್ಯಾಂಡಿಕ್ಯಾಮ್ ಮನೆಯ ಸಿನಿಮಾ ಯಂತ್ರವೂ ಆಗಿತ್ತು. ಗಣಿ ನಡೆಸುವ ಎನ್‌ಎಂಡಿಸಿಯ ನೌಕರಿ ಎಂದ ಮೇಲೆ ವರ್ಗಾವಣೆ ಇದ್ದದ್ದೇ. ಇವತ್ತು ಸಂಡೂರಿನ ಗುಡ್ಡ, ನಾಳೆ ಛತ್ತೀಸಗಡದ ಬೈಲಾಡಿಲ. ರಜೆಗೆ ಊರಿಗೆ ಹೋದಾಗ ಹಳದಿ, ಕೆಂಪು, ಬಿಳಿ ಪಿನ್ನಿನ ವೈರನ್ನು ಟಿವಿಗೆ ಚುಚ್ಚಿದರೆ ಸಾಕು, ಅಜ್ಜಿ ಕೂತಲ್ಲೇ ಮೊಮ್ಮಗಳ ಮದುವೆ ನೋಡಬಹುದು. ಎಡಿಟ್ ಆದ ವಿಡಿಯೋವನ್ನು ತಿರುಗಿ ಕ್ಯಾಮೆರಾಕ್ಕೇ ತುಂಬಿಸಿಕೊಡಿ ಎಂದು ಸ್ಟುಡಿಯೋದವರನ್ನು ಕೇಳುವುದು ಇಂಥ ಕಡೆ ಸಹಜ. ಆದರೆ ಕ್ಯಾಸೆಟ್ ಕಾಲದಲ್ಲಿ ಸರಿಯಿದ್ದ ಈ ರೂಢಿ ಮೆಮೊರಿ ಕಾರ್ಡ್ ಕಾಲದಲ್ಲಿ ವಿಡಿಯೋವನ್ನೇ ಕೆಡಿಸುತ್ತಿದೆ ಎಂಬುದು ನನ್ನ ಅಭಿಪ್ರಾಯ.

1995ರಲ್ಲಿ ಬಂದ ಡಿವಿ ಕ್ಯಾಸೆಟ್ಟಿನಲ್ಲಿ ಒಂದು ಗಂಟೆಯ ವಿಡಿಯೋಗೆ ಸುಮಾರು 13 ಜಿಬಿ ಬೇಕಿತ್ತು. ಆಗಿನ ಹಾರ್ಡ್‌ಡಿಸ್ಕಿನಲ್ಲಿ ಅಷ್ಟನ್ನು ಇಟ್ಟುಕೊಳ್ಳುವವರು ಯಾರು? ಫೈರ್‌ವೈರ್ ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿ, ಬೇಡದ್ದನ್ನು ಕತ್ತರಿಸಿ, ಅದೇ ಕೇಬಲ್ಲಿನಿಂದ ಇನ್ನೊಂದು ಕ್ಯಾಸೆಟ್ಟಿಗೆ ಬರೆದರೆ ಕೆಲಸ ಮುಗಿಯಿತು. ಟೈಟಲ್, ಡಿಸಾಲ್ವ್ ಹಾಕಿದ ಕಡೆ ಮಾತ್ರ ಹೊಸದಾಗಿ ರೆಂಡರ್ ಆಗುತ್ತಿತ್ತು; ಉಳಿದ ಚಿತ್ರ ಕೂದಲೆಳೆಯಷ್ಟೂ ಸವೆಯದೆ ಹಾಗೇ ಹೋಗುತ್ತಿತ್ತು. ಯುರೋಪಿನಲ್ಲಿ ಮಾರಿದ ಎಷ್ಟೋ ಕ್ಯಾಮೆರಾಗಳಲ್ಲಿ ಮಾತ್ರ, ಅಲ್ಲಿನ ಸುಂಕದ ಕಾರಣಕ್ಕೆ, ಹೊರಗಿನಿಂದ ಬರೆಸಿಕೊಳ್ಳುವ ಸೌಲಭ್ಯವನ್ನೇ ಬಂದ್ ಮಾಡಿರುತ್ತಿದ್ದರು.

ಆ ಕಾಲದಲ್ಲೂ ಒಂದು ತಪ್ಪು ನಡೆಯುತ್ತಿತ್ತು: ಇರುವ ಒಂದೇ ಪ್ರತಿಯನ್ನು ಪದೇಪದೇ ಓಡಿಸುವುದು. ಡಿವಿ ಟೇಪಿನ ಒಂದೊಂದು ಗೆರೆಯ ಅಗಲ 10 ಮೈಕ್ರಾನ್. ಅದನ್ನು ಓದುವ ಡ್ರಮ್ ನಿಮಿಷಕ್ಕೆ 9,000 ಸುತ್ತು ತಿರುಗುತ್ತದೆ. ಅದಿರಿನ ಕೆಂಧೂಳು ಕಿಟಕಿ ಮುಚ್ಚಿದರೂ ಒಳಗೆ ಬರುವ ಜಾಗದಲ್ಲಿ ಒಂದು ಕಣ ಹೆಡ್ಡಿಗೆ ಅಂಟಿದರೂ ತೆರೆಯ ಮೇಲೆ ಚೌಕ ಚೌಕ ಕಲೆ ಏಳುತ್ತವೆ.

2006ರಲ್ಲಿ ಸೋನಿ ಮತ್ತು ಪ್ಯಾನಸಾನಿಕ್ ಎವಿಸಿಎಚ್‌ಡಿ ಎಂಬ ವಿಡಿಯೋ ಮಾದರಿ ತಂದು, ಕ್ಯಾಸೆಟ್ಟಿನ ಜಾಗಕ್ಕೆ ಮೆಮೊರಿ ಕಾರ್ಡ್ ಬಂದ ಮೇಲೆ ಎಲ್ಲವೂ ಬದಲಾಯಿತು. ಎಡಿಟ್ ಮಾಡಿದ ಎಂಪಿ4 ಫೈಲನ್ನು ಕಾರ್ಡಿಗೆ ಹಾಕಿದರೆ ಕ್ಯಾಮೆರಾ ಅದನ್ನು ಗುರುತಿಸುವುದೇ ಇಲ್ಲ. 00001.ಎಂಟಿಎಸ್ ಎಂದು ಹೆಸರು ಬದಲಿಸಿ ಸ್ಟ್ರೀಮ್ ಫೋಲ್ಡರಿನಲ್ಲಿ ಇಟ್ಟರೂ ಸಾಲದು. ಪಕ್ಕದ ಪ್ಲೇಲಿಸ್ಟ್, ಕ್ಲಿಪ್ ಮಾಹಿತಿಯ ಫೈಲುಗಳಲ್ಲೂ ಅದರ ದಾಖಲೆ ಇರಬೇಕು. ಅದನ್ನೂ ಸರಿಮಾಡಿದಿರಿ ಎನ್ನಿ. ಆಗಲೂ ಇನ್ನೊಂದು ತೊಡಕಿದೆ. ಇಂಥ ವಿಡಿಯೋದ ಪ್ರತಿ ಚಿತ್ರ ಗೆರೆ ಬಿಟ್ಟು ಗೆರೆಯ ಎರಡು ಅರ್ಧಗಳಾಗಿ, ಅಂದರೆ ಎರಡು ಫೀಲ್ಡುಗಳಾಗಿ ಬರುತ್ತದೆ. ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು, ಎವಿಸಿಎಚ್‌ಡಿಯ 50ಐ (ಸೆಕೆಂಡಿಗೆ 50 ಫೀಲ್ಡ್) ವಿಡಿಯೋದಲ್ಲಿ ಮೇಲಿನದು ಮೊದಲು. ಹಳೆಯ ಸೆಟ್ಟಿಂಗಿನಲ್ಲೇ ಎಕ್ಸ್‌ಪೋರ್ಟ್ ಮಾಡಿದರೆ ಟಿವಿಯಲ್ಲಿ ಅಕ್ಷತೆ ಎರಚುವ ದೃಶ್ಯ ನೋಡಿ: ಅಕ್ಕಿಕಾಳು ಒಂದು ಹೆಜ್ಜೆ ಮುಂದೆ, ಅರೆ ಹೆಜ್ಜೆ ಹಿಂದೆ ನಡುಗುತ್ತ ಬೀಳುತ್ತವೆ. ನಿಂತ ವಧೂವರರು ಚೆನ್ನಾಗಿಯೇ ಕಾಣುವುದರಿಂದ ಎಡಿಟ್ ಮಾಡಿದವರ ಕಣ್ಣಿಗೆ ಇದು ಬೀಳುವುದಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಎವಿಸಿಎಚ್‌ಡಿ ಚಿತ್ರ ಚಿತ್ರೀಕರಣದಲ್ಲೇ ಬಿಗಿಯಾಗಿ ಕುಗ್ಗಿಸಿದ್ದು. ಎಡಿಟಿಂಗ್ ಮುಗಿಸಿ ಎಂಪಿ4 ಮಾಡಿದಾಗ ಒಮ್ಮೆ, ಅದನ್ನು ಕ್ಯಾಮೆರಾಕ್ಕೆಂದು ಬದಲಿಸಿದಾಗ ಮತ್ತೊಮ್ಮೆ ಕುಗ್ಗಿದರೆ ಸೀರೆಯ ಜರಿ ಅಂಚು ಕಲಸಿಹೋಗುತ್ತದೆ, ಚಪ್ಪರದ ಕತ್ತಲಲ್ಲಿ ಮುಖಗಳು ಮೇಣದಂತಾಗುತ್ತವೆ. ಟಿವಿಗೇ ನೇರ ಪೆನ್‌ಡ್ರೈವ್ ಚುಚ್ಚಬಹುದಾದ ಈ ದಿನಗಳಲ್ಲಿ ಈ ನಷ್ಟಕ್ಕೆ ಸಮರ್ಥನೆ ಇಲ್ಲ. ರೆಂಡರ್ ಮಾಡದೆ ಬರೀ ಕತ್ತರಿಸಿ ಜೋಡಿಸುವ, ಕ್ಯಾಮೆರಾ ಕಂಪನಿಯದೇ ತಂತ್ರಾಂಶ ಬಳಸಿದರೆ ಮಾತ್ರ ಕ್ಯಾಮೆರಾಕ್ಕೆ ತುಂಬಿಸುವುದನ್ನು ಒಪ್ಪಬಹುದು.

ಆದ್ದರಿಂದ ಸ್ಟುಡಿಯೋದಿಂದ ಎಡಿಟ್ ಆದ ಎಂಪಿ4 ಜೊತೆಗೆ ಕಾರ್ಡಿನ ಮೂಲ ಫೋಲ್ಡರನ್ನು ಇಡಿಯಾಗಿ ಕೇಳಿ ಪಡೆಯಿರಿ, ಎರಡು ಹಾರ್ಡ್‌ಡಿಸ್ಕಿನಲ್ಲಿ ಇಡಿ. ಬೀರುವಿನಲ್ಲಿ ಡಿವಿ ಕ್ಯಾಸೆಟ್ಟುಗಳಿದ್ದರೆ ಕ್ಯಾಮೆರಾ ಇನ್ನೂ ಓಡುತ್ತಿರುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಈಗಿನ ಲ್ಯಾಪ್‌ಟಾಪುಗಳಲ್ಲಿ ಫೈರ್‌ವೈರ್ ಪೋರ್ಟ್ ಬರುವುದಿಲ್ಲ, ಅದಿರುವ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ.