ಸಿಗರೇಟು ಪೊಟ್ಟಣದ ಹಕ್ಕಿಯನ್ನು ನೋಡುವ ಬಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಹಕ್ಕಿಚಿತ್ರ ನೋಡಲು ಬೇರೆ ತರಬೇತಿ ಬೇಕಿಲ್ಲ. ತೆಂಗಿನ ಮರ ಕುಟ್ಟುತ್ತಾ ಮೇಲೇರುವ ಮರಕುಟಿಗ, ಗರಿಯ ತುದಿಗೆ ಗೂಡು ನೇಯುವ ಗೀಜಗ, ಕೆರೆ ಏರಿಯ ಮಿಂಚುಳ್ಳಿ ದಿನವೂ ಕಣ್ಣಿಗೆ ಬೀಳುತ್ತವೆ. ಹಳೆಯ ಸಿಗರೇಟು ಕಾರ್ಡುಗಳನ್ನೂ ಅದೇ ಕಣ್ಣಿನಿಂದ ನೋಡಿ.

ಮೆತ್ತನೆಯ ಕಾಗದದ ಪೊಟ್ಟಣದಲ್ಲಿ ಸಿಗರೇಟು ಮುರಿಯದಿರಲೆಂದು ಇಡುತ್ತಿದ್ದ ರಟ್ಟಿನ ಚೂರು ಅದು. ಅಮೆರಿಕದ ಅಲೆನ್ ಅಂಡ್ ಗಿಂಟರ್ ಕಂಪನಿ 1888ರಲ್ಲಿ ಅದರ ಮೇಲೆ ಅಮೆರಿಕದ ಹಕ್ಕಿಗಳ ಸರಣಿಯನ್ನೇ ಅಚ್ಚು ಹಾಕಿಸಿತು. ಇಂಗ್ಲೆಂಡಿನ ಪ್ಲೇಯರ್ಸ್ ಕಂಪನಿಯ ಕಾಡುಹಕ್ಕಿಗಳ ಸರಣಿ ಬಂದದ್ದು 1932ರಲ್ಲಿ, ಒಟ್ಟು 50 ಕಾರ್ಡು.

ಮೊದಲು ಭೂತಗನ್ನಡಿ ಹಿಡಿಯಿರಿ. ಹಳೆಯವು ಕಲ್ಲಚ್ಚಿನವು, ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಕುಶಲಕರ್ಮಿ ಕೈಯಲ್ಲೇ ಇಟ್ಟ ಚುಕ್ಕಿಗಳು ಕೊರಳ ಹತ್ತಿರ ಒತ್ತೊತ್ತಾಗಿ, ಎದೆಗಿಳಿಯುತ್ತಾ ವಿರಳವಾಗುತ್ತವೆ. ಕ್ಯಾಮೆರಾದಿಂದ ಮಾಡಿದ ಅಚ್ಚಿನಲ್ಲಿ ಚುಕ್ಕಿಗಳು ಸಾಲು ತಪ್ಪುವುದಿಲ್ಲ. ಕೆಲವೊಮ್ಮೆ ಕೊಕ್ಕಿನ ಕೆಂಪು ಗೆರೆಯಿಂದ ಕೂದಲೆಳೆಯಷ್ಟು ಆಚೆ ಸರಿದಿರುತ್ತದೆ. ಅದನ್ನು ದೋಷವೆಂದು ಬದಿಗಿಡಬೇಡಿ, ಕಲ್ಲು ಬದಲಾದ ಗುರುತು ಅದು. ಆಮೇಲೆ ಕಾಲು, ಬಾಲ ನೋಡಿ. ಮರಕುಟಿಗ ಬಾಲವನ್ನು ಕಾಂಡಕ್ಕೆ ಊರಿ ನಿಲ್ಲಬೇಕು. ಚಿತ್ರದಲ್ಲಿ ಬಾಲ ಗಾಳಿಯಲ್ಲಿದ್ದರೆ, ಬಣ್ಣ ಎಷ್ಟೇ ಚೆಂದವಿದ್ದರೂ ನಾನು ಒಪ್ಪುವುದಿಲ್ಲ.

ಈಗ ಪ್ಲೇಯರ್ಸ್ ಕಾರ್ಡು ತಿರುಗಿಸಿ. ಹಕ್ಕಿಯ ವಿವರ, ಕಂಪನಿಯ ಹೆಸರು, ಒಂದು ಸಂಖ್ಯೆ. ವ್ಯಾಪಾರದ ಗುಟ್ಟೆಲ್ಲ ಆ ಸಂಖ್ಯೆಯಲ್ಲಿದೆ: 50ರಲ್ಲಿ ಒಂದು ಕಡಿಮೆಯಾದರೂ ಇನ್ನೊಂದು ಪೊಟ್ಟಣ ಕೊಳ್ಳಬೇಕು. ಇಂಗ್ಲೆಂಡಿನ ಮಕ್ಕಳು ಅಂಗಡಿಯ ಮುಂದೆ ನಿಂತು, ಸಿಗರೇಟು ಕೊಂಡವರನ್ನು ಕಾರ್ಡು ಕೊಡಿ ಎಂದು ಕೇಳುತ್ತಿದ್ದರು. ಹಕ್ಕಿಯನ್ನು ತೋರಿಸಿ ಹೊಗೆಸೊಪ್ಪು ಮಾರಿದರೆಂಬುದನ್ನು ರಸಿಕರು ಮರೆಯಬಾರದು. ಯುದ್ಧಕಾಲದ ಕಾಗದದ ಅಭಾವದಿಂದ 1940ರಲ್ಲಿ ಬ್ರಿಟನ್ನಿನಲ್ಲಿ ಈ ಕಾರ್ಡುಗಳು ನಿಂತವು.

ನಮ್ಮ ಸಂತೆಗಳಲ್ಲಿ ಹಕ್ಕಿ ತೋರಿಸಿ ಸರಕು ಮಾರುವ ಕೆಲಸ ಮಾಡಿದ್ದು ಶಿವಕಾಶಿಯ ಬೆಂಕಿಪೊಟ್ಟಣ. ಅದರ ಮೇಲಿನ ಗಿಣಿ, ನವಿಲುಗಳನ್ನು ಬೇರೆ ಅಳತೆಯಲ್ಲಿ ನೋಡಬೇಕು. ಓದು ಬಾರದವರೂ ಮಾರ್ಕು ಹೇಳಿ ಕೇಳುವಂತಿರಬೇಕು, ಅಂಗಡಿಯ ಮಬ್ಬಿನಲ್ಲೂ ದೂರಕ್ಕೆ ಕಾಣಬೇಕು. ಅದಕ್ಕೇ ದಪ್ಪ ಗೆರೆ, ಗಾಢ ಕೆಂಪು, ಅರಿಸಿನ. ಗರಿಗಳ ನಯ ಅಲ್ಲಿ ಹುಡುಕಬೇಡಿ; ಆ ಗೆರೆಯ ಧೈರ್ಯ ನೋಡಿ. ನನಗಂತೂ ಅದೇ ಹೆಚ್ಚು ಇಷ್ಟ.

ಹಳೇ ತೊಟ್ಟಿಮನೆ ಬಿಚ್ಚಿಸುವಾಗ ಅಟ್ಟದ ಟ್ರಂಕಿನಲ್ಲಿ ಇಂಥವು ಸಿಕ್ಕರೆ ಗುಜರಿಗೆ ಹಾಕಬೇಡಿ. ಆಲ್ಬಮ್ಮಿಗೆ ಅಂಟಿದ್ದನ್ನು ಕೀಳಬೇಡಿ, ಟೇಪು ಹಚ್ಚಬೇಡಿ. ಬಿಸಿಲು, ತೇವ ತಾಗದ ಕಡೆ ಇಡಿ, ಹಿಂಬದಿಯೂ ಬರುವಂತೆ ಫೋಟೊ ತೆಗೆದಿಡಿ.